ಗಾನಶ್ರೀಯ ಪಾಲು

ಕೃಷ್ಣಮೋಹನ ಆ ಮಾತನ್ನು ಆಡಿದ್ದು ತಮಾಷೆಗೆ. ಅಕ್ಟೋಬರಿನ ಕೊನೆಯ ಭಾನುವಾರ ಪುತ್ತೂರಿನಿಂದ ಅವನ ಅಕ್ಕ, ಭಾವ ಬಂದಿದ್ದರು. ಕಡಬ ಪೇಟೆ ದಾಟಿ ಸ್ವಲ್ಪ ಒಳಗೆ ಹೋದರೆ ಸಿಗುವ ಕೃಷ್ಣಮೋಹನನ ತಾರಸಿ ಮನೆಯಲ್ಲಿ ಮಧ್ಯಾಹ್ನದ ಊಟ ನಡೆದಿತ್ತು. ಅವನ ಹೆಂಡತಿ ದೀಪಶ್ರೀ ಕಡ್ಲೆಬೇಳೆ ಪಾಯಸದ ಪಾತ್ರೆ ಹಿಡಿದು ಎರಡನೇ ಸಲ ಬಡಿಸಲು ಬಗ್ಗಿದಾಗ ಅಕ್ಕ ಕೇಳಿದಳು.

"ತೆಂಗಿನಕಾಯಿಗೆ ಈ ರೇಟು ಇರುವಾಗ ಇಷ್ಟು ದಪ್ಪ ಕಾಯಿಹಾಲು ಹಾಕಿದ್ದೀಯಲ್ಲ ದೀಪಾ?"

ದೀಪಶ್ರೀ ಉತ್ತರ ಕೊಡುವ ಮೊದಲೇ ಕೃಷ್ಣಮೋಹನ ನಕ್ಕ. "ನಮ್ಮಲ್ಲಿ ಹಾಗೆಯೇ ಅಕ್ಕ. ನಾನು ಅಂಗಡಿಯಲ್ಲಿ ಕೂತು ಮೋಟಾರಿಗೆ ತಂತಿ ಸುತ್ತುದು, ಇವಳು ಇಲ್ಲಿ ಬಡಿಸಿ ಮುಗಿಸುದು. ದುಡಿದದ್ದೆಲ್ಲ ಹೊಟ್ಟೆಗೇ. ಅದರಲ್ಲೂ ಅರ್ಧ ಖರ್ಚು ಈ ಕೂಸಿನದ್ದು!" ಅಂತ ಪಕ್ಕದಲ್ಲಿ ಕೂತಿದ್ದ ಮಗಳ ಬೆನ್ನು ತಟ್ಟಿದ.

ಎಲ್ಲರೂ ನಕ್ಕರು. ಗಾನಶ್ರೀಯೂ ನಕ್ಕಳು. ಅವಳಿಗೆ ಹದಿನಾರು, ಪುತ್ತೂರಿನ ಕಾಲೇಜಿನಲ್ಲಿ ಮೊದಲ ಪಿಯುಸಿ. ಬೆಳಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಹಸಿದು ಬಂದು ಚಪ್ಪಲಿ ಬಿಚ್ಚುವ ಮೊದಲೇ "ಅಮ್ಮಾ, ತಿನ್ಲಿಕ್ಕೆ ಎಂತ ಉಂಟು?" ಎಂದು ಕೇಳುವ ಹುಡುಗಿ. ನಗುತ್ತಲೇ ಅವಳು ಪಾಯಸದ ಲೋಟವನ್ನು ಕೈಯಿಂದ ಮುಚ್ಚಿ "ಸಾಕಮ್ಮ" ಎಂದದ್ದು ದೀಪಶ್ರೀಯ ಕಣ್ಣಿಗೆ ಬಿತ್ತು. ಆದರೆ ಅದು ಮನಸ್ಸಿಗೆ ಹೋಗಲಿಲ್ಲ. ಮನಸ್ಸಿನಲ್ಲಿ ಬೇರೆಯದೇ ಕುದಿಯುತ್ತಿತ್ತು. ಹದಿನೆಂಟು ವರ್ಷ ಈ ಮನೆಯ ಒಲೆ ನೋಡಿಕೊಂಡದ್ದಕ್ಕೆ ಅತ್ತಿಗೆಯ ಎದುರು ಸಿಕ್ಕಿದ ಸರ್ಟಿಫಿಕೇಟು ಇದು.

ನೆಂಟರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅವಳು ಪಾತ್ರೆಗಳನ್ನು ತಿಕ್ಕಿದ ರಭಸಕ್ಕೆ ಅತ್ತೆ ಈಶ್ವರಿಯಮ್ಮ ಎದ್ದು ಅಡುಗೆಕೋಣೆಯ ಬಾಗಿಲಿಗೆ ಬಂದರು. ಎಪ್ಪತ್ತಮೂರು ದಾಟಿದ ಜೀವ. ಮಾತು ಕಮ್ಮಿ, ಕಣ್ಣು ಚುರುಕು.

"ಅವ ಬಾಯಿಗೆ ಬಂದದ್ದು ಹೇಳುದು ಇವತ್ತು ನಿನ್ನೆಯದ್ದಲ್ಲ. ಪಾತ್ರೆ ಎಂತ ಮಾಡಿದೆ ನಿನಗೆ?"

"ಹೇಳ್ಲಿ ಅತ್ತೆ. ಖರ್ಚು ಕಮ್ಮಿ ಮಾಡುದು ಹೇಗೆ ಅಂತ ನಾನೂ ತೋರಿಸ್ತೇನೆ."

ತೋರಿಸುವ ದಾರಿ ಎರಡೇ ದಿನದಲ್ಲಿ ಸಿಕ್ಕಿತು. ಅದೇ ರಸ್ತೆಯಲ್ಲಿದ್ದ ಪೂಜಿತಾ, ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದವಳು. ಸುತ್ತಲಿನ ಹದಿನಾಲ್ಕು ಮನೆಗಳ ಹೆಂಗಸರನ್ನು ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪು ಕಟ್ಟಿದ್ದಳು. ಅದರಲ್ಲಿ ಅವಳು ಒಂದು ಪಂಥ ಹಾಕಿದಳು. ನವೆಂಬರ್ ಒಂದರಿಂದ ಮೂವತ್ತರ ತನಕ, ಊಟತಿಂಡಿಗೆ ಕಳೆದ ತಿಂಗಳು ಆದ ಖರ್ಚಿನ ಅರ್ಧದಲ್ಲಿ ಮನೆ ನಡೆಸಬೇಕು. ದಿನಾ ಸಂಜೆ ಅಂದಿನ ಖರ್ಚು ಬರೆದು, ಬಟ್ಟಲಿನ ಫೋಟೋ ಹಾಕಬೇಕು. ಎಲ್ಲರಿಗಿಂತ ಹೆಚ್ಚು ಉಳಿಸಿದವರಿಗೆ ಎಲ್ಲರೂ ಸೇರಿ ಒಂದು ಗ್ರೈಂಡರ್ ಕೊಡುವುದು.

ದೀಪಶ್ರೀ ಮೊದಲ ಸಾಲಿನಲ್ಲೇ ಹೆಸರು ಹಾಕಿದಳು.

"ನಾನೂ ಸೇರ್ತೇನೆ ಅಮ್ಮ," ಎಂದಳು ಗಾನಶ್ರೀ. "ಫೋಟೋ, ಲೆಕ್ಕ ಎಲ್ಲ ನನಗೆ ಬಿಡು."

ಓದುವ ಮಕ್ಕಳು ಅಡುಗೆಮನೆಗೆ ಬಂದು ಹೀಗೆ ಕೇಳುವುದು ಯಾವ ತಾಯಿಗೆ ಬೇಡ? ದೀಪಶ್ರೀಗೆ ಎದೆ ತುಂಬಿ ಬಂತು.

ಮೊದಲ ವಾರ ಮನೆಯಲ್ಲಿ ಹಬ್ಬದ ಗಲಾಟೆ. ಹಿತ್ತಿಲಿನಲ್ಲಿ ಬಿದ್ದುಹೋಗುತ್ತಿದ್ದ ಪಪ್ಪಾಯಿ ಪಲ್ಯವಾಯಿತು. ಬಾಳೆದಿಂಡು ಮೊಸರು ಬಿದ್ದು ಬಟ್ಟಲಿಗೆ ಬಂತು. ಈಶ್ವರಿಯಮ್ಮನಿಗೂ ಉಮೇದು ಹುಟ್ಟಿ, ಕಟ್ಟೆಯ ಬದಿಯ ಒಂದೆಲಗ ಕಿತ್ತು ತಂಬುಳಿ ಕಡೆದರು. ಗಾನಶ್ರೀ ಸಂಜೆ ಬಸ್ಸಿಳಿದವಳು ಸೀದಾ ಸಂತೆಕಟ್ಟೆಗೆ ಹೋಗಿ, ಅಂಗಡಿಯವರು ಗೋಣಿ ಕಟ್ಟುವ ಹೊತ್ತಿಗೆ ಉಳಿದ ತೊಂಡೆಕಾಯಿ, ಅಲಸಂಡೆಗಳನ್ನು ಚೌಕಾಶಿ ಮಾಡಿ ತಂದಳು. ರಾತ್ರಿ ಊಟಕ್ಕೆ ಕೂತ ಕೃಷ್ಣಮೋಹನ ಸಾರಿಗೆ ಸೌಟು ಅದ್ದಿ ಎತ್ತಿ ಅದ್ದಿ ಎತ್ತಿ ನೋಡಿದ.

"ಇದರಲ್ಲಿ ಬೇಳೆ ಹುಡುಕ್ಲಿಕ್ಕೆ ಟಾರ್ಚು ಬೇಕಲ್ಲ ಮಾರಾಯ್ತಿ."

"ಹೊಟ್ಟೆಗೇ ಎಲ್ಲ ಹೋಗುದು ಅಂದವರು ಯಾರು?" ಎಂದಳು ದೀಪಶ್ರೀ.

"ಅಪ್ಪಾ, ನಿಮ್ಮ ಪಾಲು ಎರಡು ಸೌಟು. ಮೂರನೆಯದ್ದು ಹಾಕಿದ್ರೆ ಬರೀತೇನೆ," ಎಂದು ಗಾನಶ್ರೀ ಪೆನ್ನು ತೋರಿಸಿದಳು.

ಅವಳು ಒಂದು ಉದ್ದ ಪುಸ್ತಕದಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡಿದ್ದಳು. ಅಪ್ಪ, ಅಮ್ಮ, ಅಜ್ಜಿ, ತಾನು. ಬಟ್ಟಲಿಗೆ ಏನು ಬಿತ್ತೆಂಬುದು ಹೊತ್ತುಹೊತ್ತಿಗೆ ಅಲ್ಲಿ ಬರೆದಿರುತ್ತಿತ್ತು. ಗುಂಪಿನಲ್ಲಿ ಅವಳ ಫೋಟೋಗಳಿಗೆ ಚಪ್ಪಾಳೆ ಸುರಿಯಿತು. ನಾಲ್ಕು ಬಟ್ಟಲುಗಳನ್ನು ಬಾಳೆಲೆಯ ಮೇಲೆ ಚಂದಕ್ಕೆ ಇಟ್ಟು ತೆಗೆಯುತ್ತಿದ್ದಳು. ಹತ್ತನೇ ದಿನ ಪೂಜಿತಾ ಬರೆದಳು: "ದೀಪಕ್ಕ, ನಿಮ್ಮ ಮನೆ ಎಲ್ಲರಿಗಿಂತ ಮುಂದೆ ಉಂಟು. ನಿಮ್ಮ ಮಗಳು ಬಂಗಾರ!" ದೀಪಶ್ರೀ ಅದನ್ನು ಗಂಡನಿಗೆ ಓದಿ ಹೇಳಿದಳು. ಅವನು ಅಂಗಡಿಗೆ ಮೋಟಾರು ತಂದ ಗಿರಾಕಿಗಳಿಗೆಲ್ಲ ಹೇಳಿದ.

ಆ ವಾರವೇ ಹಾಲು ಅರ್ಧಕ್ಕೆ ಇಳಿಯಿತು. "ನನಗೆ ಹಾಲು ಬೇಡ, ಅಜ್ಜಿಗೆ ಇರಲಿ," ಎಂದಳು ಗಾನಶ್ರೀ. ಎರಡು ದಿನ ಕಳೆದು ಕಾಫಿ ಬಿಟ್ಟಳು. ನಾಲ್ಕು ನೀರುದೋಸೆ ತಿನ್ನುತ್ತಿದ್ದವಳು ಎರಡಕ್ಕೆ ಬಂದಳು, ಆಮೇಲೆ ಒಂದಕ್ಕೆ. ಪ್ರತಿ ಸಲವೂ ಅವಳು ಹೇಳಿದ ಕಾರಣ ಸರಿಯಾದದ್ದೇ. ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆ, ಕಾಲೇಜಿನಲ್ಲಿ ಇವತ್ತು ಯಾರದೋ ಹುಟ್ಟುಹಬ್ಬದ ಕೇಕು ತಿಂದೆ, ಸಂಜೆ ಗೆಳತಿ ಜಸೀನಾ ಚುರುಮುರಿ ಕೊಡಿಸಿದಳು. ಆರು ಗಂಟೆಗೆ ಮನೆಗೆ ಬಂದರೆ ತಿನ್ನಲಿಕ್ಕೆ ಎಂತ ಉಂಟು ಎಂಬ ಪ್ರಶ್ನೆ ಕೇಳುವುದು ನಿಂತಿತು. ಅದು ನಿಂತದ್ದು ಯಾವ ದಿನ ಎಂದು ದೀಪಶ್ರೀಗೆ ಆಮೇಲೆ ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ.

ಈಶ್ವರಿಯಮ್ಮ ಒಂದು ದಿನ ಸೊಸೆ ಬಟ್ಟೆ ಒಣಹಾಕುವಲ್ಲಿಗೆ ಬಂದು ನಿಂತರು.

"ಕೂಸು ಊಟ ಮಾಡುದನ್ನು ನೀನು ನೋಡಿದ್ದೀಯಾ?"

"ದಿನಾ ಒಟ್ಟಿಗೇ ಕೂರುದಲ್ವಾ ಅತ್ತೆ."

"ಕೂರ್ತಾಳೆ. ಅನ್ನ ಕಲಸ್ತಾಳೆ. ಕಲಸಿದ್ದನ್ನು ಆಚೆ ಈಚೆ ದೂಡ್ತಾಳೆ. ನಮ್ಮ ಬಟ್ಟಲು ನೋಡ್ತಾಳೆ. ಅವಳ ಬಾಯಿಗೆ ಹೋದದ್ದು ನಾಲ್ಕು ತುತ್ತೂ ಇಲ್ಲ."

"ಈ ಪ್ರಾಯದ ಹುಡುಗಿಯರು ಹಾಗೆಯೇ. ತೆಳ್ಳಗೆ ಆಗ್ಬೇಕು ಅಂತ ಇರ್ತದೆ."

"ನನಗೂ ಈ ಪ್ರಾಯ ಆಗಿತ್ತು ದೀಪಾ," ಎಂದರು ಈಶ್ವರಿಯಮ್ಮ. "ನಮಗೆ ಆಗ ಊಟ ಸಾಲ್ತಿರಲಿಲ್ಲ. ಸಾಲದಿದ್ದವರ ಮುಖ ನನಗೆ ಗೊತ್ತುಂಟು. ಇದು ಅದಲ್ಲ. ಇದು ಬೇರೆ ಎಂತದೋ."

ದೀಪಶ್ರೀ ಬಕೆಟು ಎತ್ತಿಕೊಂಡು ಒಳಗೆ ಹೋದಳು. ಅತ್ತೆಗೆ ಹಾಲು ಕಮ್ಮಿಯಾದದ್ದರ ಬೇಜಾರು, ಅದಕ್ಕೆ ಹೀಗೆ, ಎಂದುಕೊಂಡಳು.

ಮೂರನೇ ವಾರದಲ್ಲಿ ಮನೆಯ ಗಲಾಟೆ ಅಡಗಿತು. ಈಗ ಊಟದ ಹೊತ್ತಿಗೆ ಮಾತು ಕಮ್ಮಿ, ಗಾನಶ್ರೀಯ ಪೆನ್ನಿನ ಸದ್ದು ಹೆಚ್ಚು. ರಾತ್ರಿಯ ಅಡುಗೆಯನ್ನೂ ಹೆಚ್ಚುಕಮ್ಮಿ ಅವಳೇ ಮಾಡತೊಡಗಿದ್ದಳು. ಒಗ್ಗರಣೆಗೆ ಎಣ್ಣೆಯನ್ನು ಚಮಚದಲ್ಲಿ ಅಳೆದು, ಅರ್ಧವನ್ನು ಮತ್ತೆ ಬಾಟಲಿಗೆ ಸುರಿಯುತ್ತಿದ್ದಳು. ನಡುಹಗಲಲ್ಲಿ ಅಂಗಳಕ್ಕೆ ಕಾಲಿಟ್ಟರೆ ಸುಡುವ ಬಿಸಿಲು; ಅವಳು ಮಾತ್ರ ಮನೆಯೊಳಗೂ ಸ್ವೆಟರು ಹಾಕಿಕೊಂಡೇ ಇರುತ್ತಿದ್ದಳು. ಬಚ್ಚಲಿನ ಜಾಲರಿಯಲ್ಲಿ ದಿನಾ ಒಂದು ಮುಷ್ಟಿ ಕೂದಲು.

ಒಂದು ಶನಿವಾರ ಈಶ್ವರಿಯಮ್ಮ ಅನ್ನದ ಮೇಲೆ ತುಪ್ಪ ಹಾಕಿಕೊಳ್ಳಲು ಭರಣಿಗೆ ಕೈ ಹಾಕಿದಾಗ ಗಾನಶ್ರೀ ಅವರ ಮಣಿಕಟ್ಟು ಹಿಡಿದಳು.

"ಅಜ್ಜಿ, ನಿನ್ನೆ ಹಾಕಿದ್ದೀರಿ."

"ನಿನ್ನೆಯ ಅನ್ನಕ್ಕೆ ನಿನ್ನೆ ಹಾಕಿದ್ದು. ಬಿಡು ಕೈ."

"ವಾರಕ್ಕೆ ಎರಡು ಸಲ ಅಂತ ಬರೆದದ್ದು. ನೋಡಿ ಬೇಕಾದ್ರೆ."

"ನಿನ್ನ ಪುಸ್ತಕವನ್ನು ಒಲೆಗೆ ಹಾಕು!" ಈಶ್ವರಿಯಮ್ಮ ಕೈ ಕೊಸರಿದರು. "ನಿನ್ನ ಅಜ್ಜ ಇರುವಾಗಲೂ ನನ್ನ ಕೈ ಹಿಡಿದು ನಿಲ್ಲಿಸಿದವರಿಲ್ಲ."

ಕೃಷ್ಣಮೋಹನ ನಗಲು ಹೊರಟವನು ಮಗಳ ಮುಖ ನೋಡಿದ. ಅದರಲ್ಲಿ ತುಂಟತನ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕಣ್ಣು ತುಪ್ಪದ ಮೇಲೆ ನೆಟ್ಟುಹೋಗಿತ್ತು. ಆ ಭರಣಿಯೊಳಗೆ ಹಾವು ಕೂತಿದೆಯೋ ಎಂಬಂತೆ. ದೀಪಶ್ರೀ ಅವಳ ಬೆರಳುಗಳನ್ನು ಒಂದೊಂದಾಗಿ ಅತ್ತೆಯ ಕೈಯಿಂದ ಬಿಡಿಸಿದಳು. ಐಸಿನಷ್ಟು ತಣ್ಣಗಿದ್ದವು.

"ನಾಲ್ಕು ಜನರ ಮನೆಯಲ್ಲಿ ಒಂದು ಚಮಚ ತುಪ್ಪಕ್ಕೆ ಇಷ್ಟಾ?" ಎಂದು ಕೃಷ್ಣಮೋಹನ ಹೆಂಡತಿಯ ಕಡೆ ತಿರುಗಿದ. "ಸಾಕು ನಿನ್ನ ಪಂಥ. ನಾಳೆಯಿಂದ ಸರಿಯಾಗಿ ಅಡುಗೆ ಮಾಡು."

"ಈಗ ಸಾಕಾಯ್ತಾ ನಿಮಗೆ? ಇನ್ನು ಹತ್ತೇ ದಿನ. ಇಲ್ಲಿ ತನಕ ಬಂದು ಬಿಡ್ಲಿಕ್ಕೆ ನನಗೆ ಮನಸ್ಸಿಲ್ಲ."

"ನಂಗೂ ಇಲ್ಲ," ಎಂದಳು ಗಾನಶ್ರೀ, ತಣ್ಣಗೆ.

ಇಪ್ಪತ್ತೆರಡನೇ ದಿನ ಜಸೀನಾ ಮನೆಗೆ ಬಂದಳು. ಎರಡು ಮನೆಯಾಚೆಯ ಹುಡುಗಿ, ಗಾನಶ್ರೀಯ ಕ್ಲಾಸಿನವಳು, ಬಸ್ಸಿನಲ್ಲಿ ಪಕ್ಕದ ಸೀಟಿನವಳು. ಗಾನಶ್ರೀ ಟ್ಯೂಷನ್ನಿಗೆ ಹೋದ ಹೊತ್ತು ನೋಡಿಯೇ ಬಂದಂತಿತ್ತು. ಒಳಗೆ ಬರಲಿಲ್ಲ, ಗೇಟಿನ ಸರಳು ಹಿಡಿದು ನಿಂತಳು.

"ಆಂಟಿ, ನಾನು ಹೇಳಿದ್ದು ಅಂತ ಅವಳಿಗೆ ಹೇಳಬೇಡಿ."

"ಎಂತ ಜಸೀನಾ? ಯಾರಾದ್ರೂ ಹುಡುಗ..."

"ಅಲ್ಲ ಆಂಟಿ. ಅವಳು ಬುತ್ತಿ ತಿನ್ನುದಿಲ್ಲ. ದಿನಾ ನಮಗೆ ಹಂಚ್ತಾಳೆ. ನಾವು ಮೊದಲು ಖುಷಿಯಲ್ಲಿ ತಿಂದೆವು. ಈಗ ನಾವು ಬೇಡ ಅಂದ್ರೆ ಕಾಲೇಜಿನ ಹಿಂದೆ ಹೋಗಿ ನಾಯಿಗೆ ಹಾಕ್ತಾಳೆ. ಮೊನ್ನೆ ಮೆಟ್ಟಿಲು ಹತ್ತುವಾಗ ಕೂತುಬಿಟ್ಟಳು. ಕಣ್ಣು ಕತ್ತಲೆ ಬಂತಂತೆ."

ದೀಪಶ್ರೀ ಗೇಟು ತೆರೆಯಲು ಕೈ ಹಾಕಿದಳು. ಆಗಲೇ ಒಂದು ಯೋಚನೆ ಬಂತು. ಗುಂಪಿನಲ್ಲಿ ಎರಡನೇ ಸ್ಥಾನದಲ್ಲಿ ಇದ್ದದ್ದು ಜಸೀನಾಳ ಅಮ್ಮ. ಆ ಯೋಚನೆ ಬಂದದ್ದಕ್ಕೆ ಅವಳು ಆಮೇಲೆ ಎಷ್ಟು ಸಲ ತನ್ನನ್ನೇ ಶಪಿಸಿಕೊಂಡಳೋ ಲೆಕ್ಕವಿಲ್ಲ. ಆದರೆ ಆ ಹೊತ್ತಿಗೆ ಅದೇ ಯೋಚನೆ ಅವಳಿಗೆ ಹಿಡಿದು ನಿಲ್ಲಲು ಒಂದು ಕಂಬವಾಯಿತು.

"ಆಯ್ತು, ನಾನು ಕೇಳ್ತೇನೆ," ಎಂದಳು. ಹುಡುಗಿ ಇನ್ನೂ ಏನೋ ಹೇಳಲಿಕ್ಕಿದ್ದವಳಂತೆ ನಿಂತು, ಹೋದಳು.

ಆ ಸಂಜೆ ದೀಪಶ್ರೀ ಕೇಳಿಯೂ ಕೇಳಿದಳು. "ಬುತ್ತಿ ನೀನೇ ತಿನ್ನುದಲ್ವಾ ಮಗಾ?"

"ಹೌದಲ್ಲ. ಯಾಕೆ? ಡಬ್ಬ ಖಾಲಿ ಬರುದು ಕಾಣ್ತದಲ್ಲ."

"ಮತ್ತೆ ಮುಖ ಯಾಕೆ ಹೀಗೆ ಬತ್ತಿದೆ?"

"ಲ್ಯಾಬ್ ಉಂಟು, ಟೆಸ್ಟ್ ಉಂಟು. ಎಂಟು ದಿನ ಅಮ್ಮ. ಮುಗೀಲಿ, ಆಮೇಲೆ ಬೇಕಾದಷ್ಟು ತಿನ್ನುವ." ಅವಳು ತಾಯಿಯ ಭುಜಕ್ಕೆ ಗಲ್ಲವಿಟ್ಟು ನಕ್ಕಳು. ಗಲ್ಲದ ಮೂಳೆ ಚುಚ್ಚಿತು. ದೀಪಶ್ರೀ ಅಲುಗದೆ ನಿಂತಳು. ಎಂಟು ದಿನ. ಎಂಟು ದಿನದಲ್ಲಿ ಎಂತ ಆಗುವುದುಂಟು ಎಂದು ತನಗೆ ತಾನೇ ಹೇಳಿಕೊಂಡಳು.

ಮೂವತ್ತನೇ ತಾರೀಕು ಅವರೇ ಗೆದ್ದರು. ಪೂಜಿತಾಳ ಮನೆಯ ಚಾವಡಿಯಲ್ಲಿ ಹೆಂಗಸರೆಲ್ಲ ಸೇರಿದ್ದರು. ಕೆಂಪು ಕಾಗದ ಸುತ್ತಿದ ಗ್ರೈಂಡರ್ ಮೇಜಿನ ಮೇಲೆ. ಹೊಟ್ಟೆ ನೋವೆಂದು ಈಶ್ವರಿಯಮ್ಮ ಬರಲಿಲ್ಲ. ಪೂಜಿತಾ ಗಾನಶ್ರೀಯನ್ನು ಮುಂದಕ್ಕೆ ಕರೆದಳು. "ನೀನೇ ಹೇಳು, ಹೇಗೆ ಮಾಡಿದೆ?"

ಗಾನಶ್ರೀ ಎಲ್ಲರ ಕಡೆಗೂ ನೋಡಿದಳು. "ಕಷ್ಟ ಎಂತ ಇಲ್ಲ. ಮೊದಲ ನಾಲ್ಕು ದಿನ ಹಸಿವು ಕೂಗ್ತದೆ. ಆಮೇಲೆ ಅದು ಕೂಗುದು ನಿಲ್ಲಿಸ್ತದೆ. ಅದರ ನಂತರ ಎಷ್ಟು ಬೇಕಾದ್ರೂ ಕಮ್ಮಿ ಮಾಡ್ಬಹುದು."

ಚಪ್ಪಾಳೆ ಬಿತ್ತು. ಯಾರೋ "ಎಂಥ ಮಾತು ಹೇಳಿದೆ ಮಗಳೇ" ಎಂದರು. ಚಪ್ಪಾಳೆಗೆ ಕೈ ಮುಗಿಯಲು ಅವಳು ಕೈ ಎತ್ತಿದಾಗ ಸ್ವೆಟರಿನ ತೋಳು ಜಾರಿತು. ಅದರ ಹಿಂದೆಯೇ, ದೀಪಾವಳಿಗೆ ಬಿಗಿಯೆಂದು ಸಾಬೂನು ಹಚ್ಚಿ ಹಾಕಿಸಿದ್ದ ಗಾಜಿನ ಬಳೆಗಳೆಲ್ಲ ಸದ್ದು ಮಾಡುತ್ತ ಮೊಣಕೈಯ ತನಕ ಇಳಿದವು. ದೀಪಶ್ರೀ ಚಪ್ಪಾಳೆ ತಟ್ಟುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ಆಚೆ ಕೂತಿದ್ದ ಜಸೀನಾ ಅವಳನ್ನೇ ನೋಡುತ್ತಿದ್ದಳು.

ಮರುದಿನ ಕೃಷ್ಣಮೋಹನ ಅಂಗಡಿಗೆ ರಜೆ ಹಾಕಿ, ಮಗಳನ್ನೂ ಕಾಲೇಜಿಗೆ ಕಳಿಸದೆ, ತಾನೇ ಸಾಮಾನು ತಂದ. ಕಡ್ಲೆಬೇಳೆ, ಬೆಲ್ಲ, ತುಪ್ಪ, ಆರು ತೆಂಗಿನಕಾಯಿ. "ಇವತ್ತು ಹೋಳಿಗೆ. ಲೆಕ್ಕ ಗಿಕ್ಕ ಎಂತದೂ ಇಲ್ಲ," ಎಂದ. ದೀಪಶ್ರೀ ಬೆಳಗ್ಗೆಯಿಂದ ಒಲೆಯ ಮುಂದೆ ನಿಂತಳು. ಗಾನಶ್ರೀ ಹೂರಣ ರುಬ್ಬಿಕೊಟ್ಟಳು, ಹೋಳಿಗೆ ತಟ್ಟಿದಳು, ಎಲ್ಲರಿಗೂ ಎರಡೆರಡು ಬಡಿಸಿ ಮೇಲೆ ತುಪ್ಪ ಹಾಕಿದಳು. ಅಜ್ಜಿಗೆ ಒಂದು ಚಮಚ ಹೆಚ್ಚೇ ಹಾಕಿದಳು. ನಾಲ್ಕನೇ ಬಟ್ಟಲು ಇಡಲಿಲ್ಲ.

"ನೀನು ಕೂರು ಮಗಾ," ಎಂದ ಕೃಷ್ಣಮೋಹನ.

"ನೀವು ಮಾಡಿ ಅಪ್ಪ. ನಾನು ಆಮೇಲೆ."

"ಆಮೇಲೆ ಎಂತದು? ತಿಂಗಳು ಮುಗೀತಲ್ಲ, ಕೂರು."

"ನಂಗೆ ಹಸಿವಿಲ್ಲ."

"ಗಾನಾ, ಕೂರು ಅಂದೆ."

"ಬೇಡ ಅಂದೆನಲ್ಲ!"

ಅವನು ಎದ್ದು ಅವಳ ತೋಳು ಹಿಡಿದು ಕೂರಿಸಿದ. ಹಿಡಿದ ಕೈಯನ್ನು ಅವನೇ ತಟ್ಟನೆ ಬಿಟ್ಟ. ತೋಳು ಅವನ ಮುಷ್ಟಿಯೊಳಗೆ ಪೂರ್ತಿ ಸೇರಿಹೋಗಿತ್ತು. ಈಶ್ವರಿಯಮ್ಮ ತನ್ನ ಬಟ್ಟಲಿನಿಂದ ಹೋಳಿಗೆಯ ಒಂದು ಚೂರು ಮುರಿದು ಅವಳ ಬಾಯಿಯ ಹತ್ತಿರ ಹಿಡಿದರು. "ಅಜ್ಜಿಯ ಕೈಯಿಂದ ಒಂದು ತುತ್ತು ಕೂಸೇ."

ಗಾನಶ್ರೀ ಬಾಯಿ ತೆರೆದಳು. ಚೂರು ಒಳಗೆ ಹೋಯಿತು. ಅವಳು ಅಗಿಯಲಿಲ್ಲ. ತುಟಿ ಬಿಗಿದು ಕೂತಳು. ಕಣ್ಣಿಂದ ನೀರು ಇಳಿಯತೊಡಗಿತು. ಕೊನೆಗೆ ಅದನ್ನು ಅಂಗೈಗೆ ಉಗಿದಳು.

"ಆಗುದಿಲ್ಲ ಅಮ್ಮ. ಒಳಗೆ ಹೋಗುದಿಲ್ಲ."

"ಯಾಕೆ ಆಗುದಿಲ್ಲ? ಒಂದು ತಿಂಗಳು ಬಿಟ್ಟದ್ದಕ್ಕೆ ಊಟ ಮರೆತುಹೋಗ್ತದಾ?" ಕೃಷ್ಣಮೋಹನನ ದನಿ ಏರಿತು.

"ಈ ಮನೆಯ ಅರ್ಧ ಖರ್ಚು ನನ್ನದು ಅಂತ ನೀವೇ ಹೇಳಿದ್ದಲ್ವಾ ಅಪ್ಪ?" ಎಂದಳು ಅವಳು. ಆರೋಪಿಸುವ ಧಾಟಿಯಲ್ಲಿ ಅಲ್ಲ, ಲೆಕ್ಕ ಒಪ್ಪಿಸುವವಳಂತೆ. "ಆ ಅರ್ಧ ನಾನು ಉಳಿಸಿದೆ. ಈಗ ಪುನಃ ಯಾಕೆ ತಿನ್ಸುದು?"

ಕೃಷ್ಣಮೋಹನ ಹೆಂಡತಿಯ ಕಡೆ ತಿರುಗಿದ. ಅವನಿಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ದೀಪಶ್ರೀಗೆ ನೆನಪಿತ್ತು. ಆದರೆ ಆ ಮಾತಿನಲ್ಲಿ ತನಗೆ ಬಿದ್ದ ಪೆಟ್ಟಷ್ಟೇ ನೆನಪಿತ್ತು.

ಅಂದು ಮೂವರೂ ಬಡಿಸಿದ್ದನ್ನು ಬಿಟ್ಟು ಎದ್ದರು.

ಡಿಸೆಂಬರಿನ ಎರಡನೇ ವಾರ ಗಾನಶ್ರೀ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಳು. ಸಂಜೆ ನಾಲ್ಕೂವರೆ, ಬಸ್ಸಿಗೆ ಜನ ನುಗ್ಗುತ್ತಿದ್ದರು. ಫೋನು ಮಾಡಿದ್ದು ಜಸೀನಾ. "ಆಂಟಿ, ಅವಳಿಗೆ ಎಚ್ಚರ ಇಲ್ಲ. ಆಟೋದಲ್ಲಿ ಹಾಕಿದ್ದೇವೆ. ನೀವು ಬನ್ನಿ." ಗಂಡ ಹೆಂಡತಿ ಜೀಪೊಂದನ್ನು ಹಿಡಿದು ಹೊರಟರು.

ಆಸ್ಪತ್ರೆಯಲ್ಲಿ ಎಚ್ಚರ ಬಂದಿತ್ತು. ಕೈಗೆ ಸೂಜಿ, ಪಕ್ಕದಲ್ಲಿ ತೂಗುವ ಬಾಟಲಿ. ಅವಳು ಆ ಬಾಟಲಿಯನ್ನೇ ನೋಡುತ್ತ, "ಇದರಲ್ಲಿ ಸಕ್ಕರೆ ಎಷ್ಟು ಉಂಟು?" ಎಂದು ನರ್ಸಿನ ಹತ್ತಿರ ಕೇಳುತ್ತಿದ್ದಳು. ವಯಸ್ಸಾದ ಡಾಕ್ಟರಮ್ಮ ಇಬ್ಬರನ್ನೂ ಹೊರಗೆ ಕರೆದರು.

"ಎಷ್ಟು ಸಮಯದಿಂದ ಹೀಗೆ?"

"ಒಂದು ತಿಂಗಳು ಚಿಲ್ಲರೆ," ಎಂದಳು ದೀಪಶ್ರೀ. ಪಂಥದ ಕಥೆ ಹೇಳಿದಳು.

"ಪಂಥ ಒಂದು ನೆಪ ಆಗಿರಬಹುದು. ಇದು ಹಠ ಅಲ್ಲ, ಕಾಯಿಲೆ. ಊಟ ಕಂಡರೆ ಅವಳಿಗೆ ನಿಜವಾಗಿ ಹೆದರಿಕೆ ಆಗ್ತದೆ. ಬೈದು ತಿನ್ನಿಸಿದರೆ ಹೆಚ್ಚಾಗ್ತದೆ. ಮನಸ್ಸಿನ ಡಾಕ್ಟರನ್ನೂ ತೋರಿಸಬೇಕು. ಎದೆಬಡಿತ ತುಂಬ ನಿಧಾನ ಉಂಟು, ಅದು ನನಗೆ ಇಷ್ಟ ಆಗಲಿಲ್ಲ. ಐದಾರು ದಿನ ಇಲ್ಲೇ ಇರಲಿ."

"ಸರಿಯಾಗ್ಲಿಕ್ಕೆ ಎಷ್ಟು ಸಮಯ ಬೇಕು ಡಾಕ್ಟ್ರೇ?" ಎಂದ ಕೃಷ್ಣಮೋಹನ.

"ಹಾಳಾದ ಹಾಗೆ ಒಂದು ತಿಂಗಳಲ್ಲಿ ಸರಿಯಾಗುದಿಲ್ಲ. ವರ್ಷವೇ ಹಿಡಿಯಬಹುದು. ಸರಿಯಾಯ್ತು ಅಂತ ಕಂಡ ಮೇಲೂ ಕಣ್ಣಿಟ್ಟಿರಬೇಕು."

ಮನೆಗೆ ಕರೆತಂದ ಮೇಲೆ ಆ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಕೃಷ್ಣಮೋಹನ ದಿನಾ ಸಂಜೆ ಏನಾದರೂ ಕಟ್ಟಿಸಿಕೊಂಡು ಬರತೊಡಗಿದ. ಗೋಡಂಬಿ, ಖರ್ಜೂರ, ಪುತ್ತೂರಿನ ಬೇಕರಿಯ ಬಿಸ್ಕತ್ತು, ಮಗಳಿಗೆ ಚಿಕ್ಕಂದಿನಲ್ಲಿ ಇಷ್ಟವಿದ್ದ ಎಳ್ಳಿನ ಉಂಡೆ. ಕೊಡುವ ಧೈರ್ಯವಿಲ್ಲದೆ ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದ. ಪೊಟ್ಟಣಗಳು ಒಂದರ ಮೇಲೊಂದು ಬಿದ್ದು, ಕೆಳಗಿನವಕ್ಕೆ ಇರುವೆ ಹತ್ತಿತು.

"ಇಷ್ಟೆಲ್ಲ ಯಾಕೆ ತರುದು ನೀವು? ಯಾರು ತಿನ್ಲಿಕ್ಕುಂಟು?" ಒಂದು ದಿನ ದೀಪಶ್ರೀಗೆ ತಡೆಯಲಾಗಲಿಲ್ಲ.

"ಮತ್ತೆ ಎಂತ ಮಾಡ್ಲಿ? ನಿನ್ನ ಗ್ರೂಪಿನವರ ಹತ್ತಿರ ಕೇಳು, ಹೇಳ್ಲಿ ಅವರು!"

"ಗ್ರೂಪು ಮಾಡಿದ್ದಾ ಇದು? ಊಟಕ್ಕೆ ಕೂತ ಹುಡುಗಿಯನ್ನು ನಾಲ್ಕು ಜನರ ಎದುರು ಆಡಿಕೊಂಡ ನಾಲಗೆ ಯಾರದ್ದು?"

"ಗೆಲ್ಲಬೇಕು ಗೆಲ್ಲಬೇಕು ಅಂತ ಕುಣಿದದ್ದು ನೀನು! ಆ ಬ್ಯಾರಿಗಳ ಹುಡುಗಿ, ಜಸೀನಾ, ಬಂದು ಹೇಳಿತ್ತಂತೆ, ಪಂಥ ಮುಗಿಯುವ ಎಂಟು ದಿನ ಮೊದಲೇ. ನನ್ನ ಹತ್ತಿರ ಹೇಳಿದ್ದೀಯಾ ನೀನು?"

ದೀಪಶ್ರೀ ಇರುವೆ ಹತ್ತಿದ ಪೊಟ್ಟಣಗಳನ್ನು ಎತ್ತತೊಡಗಿದಳು.

"ಸುಮ್ಮನಿರಿ ಇಬ್ಬರೂ," ಎಂದರು ಈಶ್ವರಿಯಮ್ಮ ಕೋಣೆಯ ಬಾಗಿಲಿನಿಂದ. "ಅವಳಿಗೆ ಕೇಳ್ತದೆ. ನಿಮ್ಮ ಒಂದೊಂದು ಮಾತಿಗೂ ಅವಳು ಒಂದೊಂದು ತುತ್ತು ಬಿಡ್ತಾಳೆ."

ಜನವರಿಯ ಮೊದಲ ವಾರ ಪೂಜಿತಾ ಫೋನು ಮಾಡಿದಳು. ಸುಳ್ಯದಲ್ಲಿ ಅವಳ ತಂಗಿಯೂ ಇಂಥದ್ದೇ ಗುಂಪು ಕಟ್ಟಿದ್ದಾಳಂತೆ, ಮೂವತ್ತು ಮನೆಗಳಂತೆ. "ಗಾನಶ್ರೀ ಒಂದು ದಿನ ಬಂದು ನಾಲ್ಕು ಮಾತು ಆಡ್ಬಹುದಾ ದೀಪಕ್ಕ? ಅವಳು ಅವತ್ತು ಹೇಳಿದ್ದನ್ನು ಎಲ್ಲರೂ ಈಗಲೂ ಹೇಳ್ತಾರೆ."

"ಅವಳಿಗೆ ಹುಷಾರಿಲ್ಲ ಪೂಜಿತಾ."

"ಹೌದಾ! ಜ್ವರವಾ?"

"ಅಲ್ಲ. ಊಟ ಮಾಡುದಿಲ್ಲ."

ಆಚೆ ಕಡೆಯಿಂದ ಪೂಜಿತಾ ನಕ್ಕಳು. "ಇನ್ನೂ ಉಳಿತಾಯ ಮಾಡ್ತಿದ್ದಾಳಾ?" ಎಂದಳು. ಈಚೆ ಕಡೆ ನಗು ಬಾರದ್ದು ತಿಳಿದು ಅವಳ ನಗುವೂ ನಿಂತಿತು. "ನಾನು... ನಾನು ಬರ್ತೇನೆ ದೀಪಕ್ಕ ಮನೆಗೆ," ಎಂದಳು ಪೂಜಿತಾ.

"ಈಗ ಬೇಡ. ಸುಳ್ಯದಲ್ಲಿ ಯಾವ ಮನೆಯಲ್ಲಿ ಹೆಣ್ಣುಮಕ್ಕಳು ಉಂಟು ಅಂತ ನಿನ್ನ ತಂಗಿಯ ಹತ್ತಿರ ಕೇಳು. ಅವರ ಬಟ್ಟಲಿನ ಫೋಟೋ ನೋಡುದು ಬೇಡ, ಅವರ ಮುಖ ನೋಡ್ಲಿಕ್ಕೆ ಹೇಳು."

ಫೋನು ಇಟ್ಟು ಅವಳು ಒಲೆ ಹೊತ್ತಿಸಿದಳು. ಮಧ್ಯಾಹ್ನ ಎರಡು ಗಂಟೆ. ಕುಚ್ಚಲಕ್ಕಿ ಗಂಜಿ, ಜೊತೆಗೆ ಸ್ವಲ್ಪ ಹೆಸರು ಪಲ್ಯ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಎಂದು ಡಾಕ್ಟರು ಹೇಳಿದ್ದರು. ಸಣ್ಣ ತಟ್ಟೆಯಲ್ಲಿ ಗಂಜಿ, ಪಲ್ಯ ಹಾಕಿಕೊಂಡು ಮಗಳ ಮಂಚದ ಹತ್ತಿರ ಸ್ಟೂಲಿನ ಮೇಲೆ ಕೂತಳು. ಗಾನಶ್ರೀ ದಿಂಬಿಗೆ ಒರಗಿ ಹೊದಿಕೆಯನ್ನು ಕುತ್ತಿಗೆಯ ತನಕ ಎಳೆದುಕೊಂಡಿದ್ದಳು. ಕಾಲೇಜಿಗೆ ಹೋಗದೆ ಮೂರು ವಾರ. ಬೆಳಗ್ಗೆ ಜಸೀನಾ ತಂದುಕೊಟ್ಟ ನೋಟ್ಸು ಬಿಚ್ಚದೆ ಕಾಲ ಬುಡದಲ್ಲಿತ್ತು.

"ಪಲ್ಯಕ್ಕೆ ಎಣ್ಣೆ ಎಷ್ಟು ಹಾಕಿದ್ದೀ?" ಎಂದು ಕೇಳಿದಳು.

"ಅಳೆಯಲಿಲ್ಲ."

"ಅಂದಾಜು?"

"ಗೊತ್ತಿಲ್ಲ ಮಗಾ. ನೋಡದೆ ಹಾಕಿದ್ದು."

ಗಾನಶ್ರೀ ಗಂಜಿಯನ್ನು ನೋಡಿದಳು. ಅವಳ ಕಣ್ಣಿನಲ್ಲಿ ಅದೇ ಹೆದರಿಕೆ. ತುಪ್ಪದ ಭರಣಿಯನ್ನು ನೋಡಿದ ದಿನದ್ದೇ. ದೀಪಶ್ರೀ ಚಮಚ ಮುಂದಕ್ಕೆ ಒಯ್ಯಲಿಲ್ಲ. ತುಂಬಿಸಿ ತಟ್ಟೆಯ ಅಂಚಿಗೆ ಒರಗಿಸಿಟ್ಟಳು. ಹೊರಗೆ ಯಾರದೋ ಸ್ಕೂಟರು ಹೋಯಿತು. ಈಶ್ವರಿಯಮ್ಮ ಬಾಗಿಲಿಗೆ ಬಂದು ಇಣುಕಿ, ಸದ್ದಿಲ್ಲದೆ ಹಿಂದೆ ಸರಿದರು.

ತುಂಬ ಹೊತ್ತು ಕಳೆದು ಗಾನಶ್ರೀಯ ಕೈ ಹೊದಿಕೆಯಿಂದ ಹೊರಗೆ ಬಂತು. ಚಮಚ ಎತ್ತಿದಳು. ಗಂಜಿ ಅರ್ಧ ಚೆಲ್ಲಿತು. ಉಳಿದದ್ದು ಬಾಯಿಗೆ ಹೋಯಿತು. ಗಂಟಲಲ್ಲಿ ಇಳಿಯಿತು. ಇನ್ನೊಂದು ಚಮಚಕ್ಕೆ ಇನ್ನೂ ಅಷ್ಟೇ ಹೊತ್ತು ಹಿಡಿಯಿತು. ಮೂರನೆಯದನ್ನು ಅವಳು ತುಟಿಯ ತನಕ ಒಯ್ದು ಇಳಿಸಿದಳು.

"ತಣ್ಣಗಾಗಿದೆ ಅಮ್ಮ," ಎಂದಳು.

ಅದು ನೆಪವೋ ನಿಜವೋ ದೀಪಶ್ರೀಗೆ ತಿಳಿಯಲಿಲ್ಲ. ತಿಳಿಯುವ ಉಪಾಯವೂ ಇರಲಿಲ್ಲ. ಅವಳು ತಟ್ಟೆ ಎತ್ತಿಕೊಂಡು, "ಬಿಸಿ ಮಾಡಿ ತರ್ತೇನೆ," ಎಂದು ಅಡುಗೆಕೋಣೆಗೆ ನಡೆದಳು.